ಥಾಯ್ಲೆಂಡ್‌ಗೆ ವೀಸಾ ಇಲ್ಲದೆ ಹೋಗುವವರಿಗೆ
ದಿನಗಳನ್ನು ಎಣಿಸುತ್ತಾ ಕೂರಬೇಡಿ, ಪಾಸ್‌ಪೋರ್ಟ್‌ನಲ್ಲಿ ಒತ್ತಿದ ಮುದ್ರೆಯ ಕೊನೆಯ ತಾರೀಖನ್ನು ಕೌಂಟರ್ ಬಿಡುವ ಮೊದಲೇ ಓದಿ. ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಇಳಿದ ದಿನವೇ ಮೊದಲ ದಿನ, ರಾತ್ರಿ ಹನ್ನೊಂದೂವರೆಗೆ ಇಳಿದರೂ ಅಷ್ಟೇ. ತಿಂಗಳ ಲೆಕ್ಕ ಹಾಕುವವರು ಎಡವುವುದು ಇಲ್ಲೇ. ಜಾಸ್ತಿ ದಿನ ಇರಬೇಕಾದರೆ ಆ ತಾರೀಖಿನೊಳಗೆ ಇಮಿಗ್ರೇಷನ್ ಕಚೇರಿಯಲ್ಲಿ ಟಿಎಂ 7 ಅರ್ಜಿ ಕೊಡಿ. ಶುಲ್ಕ 1,900 ಬಾತ್. ಶನಿವಾರ, ಭಾನುವಾರ, ರಜೆ ನೋಡಿಕೊಳ್ಳಿ. ಹೆಚ್ಚಿನ ದಿನ ಕೊಡುವುದು ಬಿಡುವುದು ಅಧಿಕಾರಿಗೆ ಸೇರಿದ್ದು. ಅವಧಿ ಮೀರಿದರೆ ದಿನಕ್ಕೆ 500 ಬಾತ್ ದಂಡ, ಸುಮ್ನೆ ಯಾಕೆ ಅಲ್ವಾ? ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ದೇಶಗಳಲ್ಲಿ ಮಾತ್ರ ಮುದ್ರೆಯ ತಾರೀಖು ನೋಡುವ ಈ ಉಪಾಯ ನಡೆಯುವುದಿಲ್ಲ, ದಿನ ಎಣಿಸಲೇಬೇಕು. ಅಲ್ಲಿ ಯಾವುದೇ 180 ದಿನಗಳಲ್ಲಿ 90 ಮೀರುವಂತಿಲ್ಲ, ಬಂದ ದಿನ ಹೊರಟ ದಿನ ಎರಡೂ ಸೇರಿ.