ಹತ್ತುವ ಮೊದಲು ಬೋರ್ಡ್ ನೋಡಿ: ರಿಯಾಯಿತಿ ಪ್ರಯಾಣ ಪಡೆಯುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಕಡೆ ರಿಯಾಯಿತಿ ಸಿಗುತ್ತದೋ ಇಲ್ಲವೋ ಎಂಬುದನ್ನು ವಯಸ್ಸಿಗಿಂತ ಮೊದಲು ಬಸ್ಸೇ ತೀರ್ಮಾನಿಸುತ್ತದೆ. ಜಗಳೂರು, ಹೊಸದುರ್ಗ, ಮೊಳಕಾಲ್ಮುರು ಮಾರ್ಗಗಳಲ್ಲಿ ಖಾಸಗಿ ಬಸ್‌ಗಳ ಓಡಾಟ ಹೆಚ್ಚು. ಅವುಗಳಲ್ಲಿ ಮಹಿಳೆಯರ ಉಚಿತ ಪ್ರಯಾಣದ ‘ಶಕ್ತಿ’ ಇಲ್ಲ, ಕೆಎಸ್‌ಆರ್‌ಟಿಸಿ ಪಾಸೂ ನಡೆಯುವುದಿಲ್ಲ. ಸಾರಿಗೆ ನಿಗಮದ ಬಸ್ ಎಂದು ಖಾತ್ರಿಯಾದ ಮೇಲೂ ಅದು ಯಾವ ದರ್ಜೆಯದು ಎಂದು ಬೋರ್ಡ್ ನೋಡಿ. ನಗರ ಸಾರಿಗೆ, ಸಾಮಾನ್ಯ, ವೇಗದೂತ ಬಸ್‌ಗಳಲ್ಲಿ ರಿಯಾಯಿತಿ ಉಂಟು. ರಾಜಹಂಸ, ಸ್ಲೀಪರ್, ಐರಾವತ ಹತ್ತಿದರೆ ಲೆಕ್ಕವೇ ಬೇರೆ.

ಸುಲಭದ್ದು ಮೊದಲು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು, ಬಾಲಕಿಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರಯಾಣ ಉಚಿತ. ಪಾಸ್ ಮಾಡಿಸುವ ಗೋಜಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ, ನಿರ್ವಾಹಕರಿಂದ ಶೂನ್ಯ ಟಿಕೆಟ್ ಪಡೆಯಬೇಕು. ‘ಹೇಗೂ ಫ್ರೀ, ಟಿಕೆಟ್ ಯಾಕೆ’ ಎಂದು ಸುಮ್ಮನೆ ಕೂತರೆ ತಪಾಸಣೆಗೆ ಬಂದಾಗ ಅದು ಟಿಕೆಟ್ ರಹಿತ ಪ್ರಯಾಣವೇ. ಮೊಳಕಾಲ್ಮುರು, ಚಳ್ಳಕೆರೆ ಕಡೆಗೆ ಆಂಧ್ರದಿಂದ ಮದುವೆಯಾಗಿ ಬಂದವರು ಆಧಾರ್‌ನಲ್ಲಿ ತವರಿನ ವಿಳಾಸವನ್ನೇ ಉಳಿಸಿಕೊಂಡಿದ್ದರೆ ತೊಡಕಾಗುತ್ತದೆ. ಮೊದಲು ವಿಳಾಸ ಬದಲಾಯಿಸಿಕೊಳ್ಳಿ. ಅಂತರರಾಜ್ಯ ಬಸ್‌ಗಳಿಗೆ ಈ ಯೋಜನೆ ಅನ್ವಯಿಸದು.

60 ದಾಟಿದ ಗಂಡಸರಿಗೆ ಉಚಿತವಿಲ್ಲ, ಪ್ರಯಾಣ ದರದಲ್ಲಿ ಶೇ 25 ಕಡಿತವಿದೆ. ಇದಕ್ಕೂ ರಾಜ್ಯದ ನಿವಾಸಿಯಾಗಿರಬೇಕು, ವಯಸ್ಸು ಕಾಣುವ ಗುರುತಿನ ಚೀಟಿ ಕೈಯಲ್ಲಿರಬೇಕು. ಊರ ಹೆಸರು ಹೇಳುವಾಗಲೇ ‘ಹಿರಿಯ ನಾಗರಿಕ’ ಎಂದು ಹೇಳಿ ಕಾರ್ಡ್ ಮುಂದಿಡಿ. ಯಂತ್ರದಿಂದ ಪೂರ್ತಿ ದರದ ಟಿಕೆಟ್ ಹೊರಬಂದ ಮೇಲೆ ಹೇಳಿದರೆ ತುಂಬಿದ ಬಸ್ಸಿನಲ್ಲಿ ನಿರ್ವಾಹಕರಿಗೂ ಕಷ್ಟ, ನಿಮಗೂ ಕಷ್ಟ.

ಹೆಚ್ಚು ಓಡಾಟ ಇರುವುದು ಅಂಗವಿಕಲರ ಪಾಸಿನಲ್ಲಿ. ಅದಕ್ಕೆ ಬುನಾದಿ ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, ಫೋಟೊ, ವಿಳಾಸದ ದಾಖಲೆ ಹಾಕಿ ಅರ್ಜಿ ಸಲ್ಲಿಸಿ, ಆಸ್ಪತ್ರೆಯಲ್ಲಿ ವೈದ್ಯಕೀಯ ತಪಾಸಣೆಗೆ ಹಾಜರಾಗಬೇಕು. ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ದುರ್ಗದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಹಳ್ಳಿಯವರು ಸೀದಾ ಆಸ್ಪತ್ರೆಗೆ ಓಡುವುದಕ್ಕಿಂತ ಗ್ರಾಮ ಪಂಚಾಯಿತಿಯಲ್ಲಿರುವ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಥವಾ ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕಾಣುವುದು ಮೇಲು. ಯಾವ ವಾರ ಯಾವ ತಜ್ಞರು ಸಿಗುತ್ತಾರೆ ಎಂದು ವಿಚಾರಿಸಿ ಹೇಳಬಲ್ಲವರು ಅವರು. ಕಿವಿಯ ತೊಂದರೆಯವರು ಮೂಳೆ ವೈದ್ಯರ ದಿನ ಹೋದರೆ ಬಸ್ ಚಾರ್ಜು ದಂಡ.

ಕಾರ್ಡಿನ ಪಟ್ಟಿಯ ಬಣ್ಣ ಗಮನಿಸಿ. ಬಿಳಿ ಎಂದರೆ ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆ, ಹಳದಿ ಎಂದರೆ 40ರಿಂದ 80ರೊಳಗೆ, ನೀಲಿ ಎಂದರೆ 80 ಮತ್ತು ಮೇಲೆ. ಬಸ್ ಪಾಸಿಗೆ ಕನಿಷ್ಠ ಶೇ 40 ಬೇಕು, ಹಾಗಾಗಿ ಬಿಳಿ ಪಟ್ಟಿಯವರಿಗೆ ಸಿಗದು.

ಮುಂದಿನ ಹೆಜ್ಜೆ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಪಾಸಿಗೆ ಅರ್ಜಿ. ಮೊಬೈಲ್‌ನಲ್ಲಿ ಆಗದಿದ್ದರೆ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಅರ್ಜಿ ಹಾಕಿಸಿ. ಅರ್ಜಿಗಳು ಬಹಳ ಸಲ ಸಿಕ್ಕಿಬೀಳುವುದು ಹೆಸರಿನಲ್ಲಿ: ಆಧಾರ್‌ನಲ್ಲಿ ‘ಬಸವರಾಜಪ್ಪ ಹೆಚ್’, ಯುಡಿಐಡಿಯಲ್ಲಿ ‘ಬಸವರಾಜ’. ಎರಡನ್ನೂ ಪಕ್ಕದಲ್ಲಿಟ್ಟು ಹೆಸರು, ಇನಿಶಿಯಲ್, ಹುಟ್ಟಿದ ದಿನಾಂಕ ಹೋಲಿಸಿದ ಮೇಲೇ ಅರ್ಜಿ ಹಾಕಿ. ಕಾರ್ಡ್ ತಾತ್ಕಾಲಿಕವಾಗಿದ್ದರೆ ಅವಧಿ ಮುಗಿದಿದೆಯೇ ಎಂದೂ ನೋಡಿ. ಅರ್ಜಿ ಒಪ್ಪಿಗೆಯಾದ ಮೇಲೆ ಮೂಲ ದಾಖಲೆಗಳು, ಫೋಟೊಗಳು ಮತ್ತು ₹660 ಹಿಡಿದು ನಿಗಮದ ಪಾಸ್ ಕೌಂಟರ್‌ಗೆ ಹೋಗಬೇಕು. ಪಾಸ್ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕದ್ದು. ವರ್ಷದ ಆರಂಭದಲ್ಲೇ ಮಾಡಿಸಿಕೊಂಡರೆ ಪೂರ್ತಿ ಉಪಯೋಗ. ಅಂಧರಿಗೆ ನಿಗಮ ಕೊಡುವ ಪಾಸ್ ಬೇರೆ, ಅದು ಉಚಿತ.

₹660ರ ಪಾಸಿಗೆ ವಾಸದ ಊರಿನಿಂದ 100 ಕಿ.ಮೀ. ಮಿತಿ ಇದೆ. ದಾವಣಗೆರೆಯವರಿಗೆ ಹರಿಹರ, ಚಿತ್ರದುರ್ಗ, ಶಿವಮೊಗ್ಗ ಈ ಮಿತಿಯೊಳಗೆ ಬರುತ್ತವೆ. ಹುಬ್ಬಳ್ಳಿ, ಬೆಂಗಳೂರು ಬರುವುದಿಲ್ಲ. ಜೊತೆಗೆ ಬರುವವರಿಗೆ ಈ ಪಾಸ್ ಅನ್ವಯಿಸುವುದಿಲ್ಲ. ಅಮ್ಮನೋ ಅಕ್ಕನೋ ಬಂದರೆ ಶಕ್ತಿಯ ಶೂನ್ಯ ಟಿಕೆಟ್ ಇದ್ದೇ ಇದೆ, ಅಪ್ಪ ಬಂದರೆ ಹಣ ಕೊಡಬೇಕು.

ದೂರದ ಊರಿಗೆ ರೈಲೇ ವಾಸಿ. ನಡೆದಾಡಲು ಇನ್ನೊಬ್ಬರ ನೆರವು ಬೇಕೇ ಬೇಕಾದ ದೈಹಿಕ ಅಂಗವಿಕಲರು, ಬೌದ್ಧಿಕ ಅಂಗವಿಕಲರು ಮತ್ತು ಪೂರ್ಣ ಅಂಧರಿಗೆ ಸ್ಲೀಪರ್, 3ನೇ ದರ್ಜೆ ಎಸಿಯಲ್ಲಿ ಶೇ 75 ರಿಯಾಯಿತಿ. ಜೊತೆಗಿರುವ ಒಬ್ಬರಿಗೂ ಅಷ್ಟೇ. ಆದರೆ ಆನ್‌ಲೈನ್ ಬುಕಿಂಗ್‌ಗೆ ರೈಲ್ವೆಯದೇ ದಿವ್ಯಾಂಗ ಗುರುತಿನ ಚೀಟಿ ಬೇಕು. ರೈಲ್ವೆಯ ದಿವ್ಯಾಂಗ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ನಮ್ಮ ಎರಡೂ ಜಿಲ್ಲಾ ಕೇಂದ್ರಗಳ ನಿಲ್ದಾಣಗಳು ಮೈಸೂರು ವಿಭಾಗಕ್ಕೆ ಸೇರಿದವು. ರೈಲ್ವೆಯ ನಮೂನೆಯಲ್ಲೇ ಸರ್ಕಾರಿ ವೈದ್ಯರ ಸಹಿ, ಮೊಹರು ಇರುವ ಪ್ರಮಾಣಪತ್ರ ಲಗತ್ತಿಸಬೇಕು. ದೈಹಿಕ ಅಂಗವಿಕಲರ ಪತ್ರದಲ್ಲಿ ‘ಸಹಾಯಕರಿಲ್ಲದೆ ಪ್ರಯಾಣಿಸಲಾರರು’ ಎಂಬ ಅಂಶ ಇಲ್ಲದಿದ್ದರೆ ಶೇಕಡಾವಾರು ಎಷ್ಟೇ ಇದ್ದರೂ ಪ್ರಯೋಜನವಿಲ್ಲ. ಸಹಿ ಹಾಕಿಸುವಾಗಲೇ ಅಲ್ಲೇ ನಿಂತು ಆ ಸಾಲು ಓದಿಸಿಕೊಳ್ಳಿ.

ಹಿರಿಯರಿಗೆ ರೈಲಿನಲ್ಲಿ ಇದ್ದ ದರ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಕೆಳಗಿನ ಬರ್ತ್ ಸೌಲಭ್ಯ ಮಾತ್ರ ಉಳಿದಿದೆ: ಗಂಡಸರಿಗೆ 60, ಹೆಂಗಸರಿಗೆ 45 ತುಂಬಿರಬೇಕು. ಬುಕ್ ಮಾಡುವಾಗ ವಯಸ್ಸು ಸರಿಯಾಗಿ ತುಂಬಿ. ಇಡೀ ಕುಟುಂಬದ ಟಿಕೆಟನ್ನು ಒಟ್ಟಿಗೆ ತೆಗೆದರೆ ಆ ಕೋಟಾ ಕೈತಪ್ಪಬಹುದು. ಅಜ್ಜ–ಅಜ್ಜಿಯ ಟಿಕೆಟ್ ಪ್ರತ್ಯೇಕವಾಗಿ ಮಾಡಿಸಿ.

ಮಕ್ಕಳಿಗೆ ಬಸ್ಸಿನಲ್ಲಿ 6 ವರ್ಷದವರೆಗೆ ಉಚಿತ, 12ರವರೆಗೆ ಅರ್ಧ ಟಿಕೆಟ್. ಓದುವ ಹುಡುಗರ ಪಾಸಿಗೂ ಸೇವಾ ಸಿಂಧುವೇ. ದಾಖಲಾತಿಯನ್ನು ಶಾಲೆ–ಕಾಲೇಜು ದೃಢೀಕರಿಸದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಮೊದಲು ಕಚೇರಿಯಲ್ಲಿ ಕೇಳಿ. ಪರಿಶಿಷ್ಟ ಜಾತಿ, ಪಂಗಡದವರು ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬರೆದುಕೊಂಡು ಹೋಗಲಿ. ಈ ಪಾಸಿನ ಮಿತಿ 60 ಕಿ.ಮೀ. ಚಿತ್ರದುರ್ಗದಿಂದ ದಾವಣಗೆರೆಗೇ ಹತ್ತಿರಹತ್ತಿರ ಅಷ್ಟಾಗುತ್ತದೆ. ಊರು ಇನ್ನೂ ಹಿಂದಿದ್ದರೆ, ಕಾಲೇಜು ಸೇರುವ ಮೊದಲೇ ಕೌಂಟರ್‌ನಲ್ಲಿ ದೂರ ಕೇಳಿಬಿಡಿ.