ಏಕಪಾತ್ರಾಭಿನಯಕ್ಕೆ ಆಂಟನಿ ಭಾಷಣ: ತಯಾರಿ ಹೇಗೆ?

ಷೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ನಿಂದ ಮಾರ್ಕ್ ಆಂಟನಿ ಭಾಷಣ ಆರಿಸಿಕೊಂಡವರು ಸಾಮಾನ್ಯವಾಗಿ ಮೊದಲ ಸಾಲಿನಿಂದಲೇ ಅರಚಲು ಶುರು ಮಾಡುತ್ತಾರೆ. ದೊಡ್ಡಾಟ, ಕಂಪನಿ ನಾಟಕ ನೋಡಿದ ನಮ್ಮ ಬಳ್ಳಾರಿ ಕಡೆಯ ಕಿವಿಗೆ ದೊಡ್ಡ ದನಿ ಇಷ್ಟ, ನಿಜ. ಆದರೆ ಷೇಕ್ಸ್‌ಪಿಯರ್ ಪಾತ್ರಗಳನ್ನೂ ಮಾಡಿದ ನಟ ಬಳ್ಳಾರಿ ರಾಘವರ (1880–1946) ಊರಿನವರು ನಾವು, ಸಹಜವಾಗಿ ಮಾತಾಡೋದೂ ನಮಗೆ ಬರಬೇಕಲ್ವಾ? ಈ ಭಾಷಣದಲ್ಲಿ ಸಿಟ್ಟು ಮೊದಲು ಕೇಳುವವರಿಗೆ ಬರಬೇಕು. ಆಂಟನಿ ಮುಂಚೆನೇ ಕೂಗಿಬಿಟ್ಟರೆ ಅವರಿಗೆ ಏನೂ ಉಳಿಯುವುದಿಲ್ಲ.

ಮೊದಲು ಮೂರನೇ ಅಂಕದ ಎರಡನೇ ದೃಶ್ಯ ಪೂರ್ತಿ ಓದಿ. ಸೀಸರ್‌ಗೆ ಅಧಿಕಾರದ ಆಸೆ ಇತ್ತು, ಅದಕ್ಕೇ ಕೊಂದೆ ಅಂತ, ಕೊಲೆಗಾರರಲ್ಲಿ ಒಬ್ಬನಾದ ಬ್ರೂಟಸ್ ಆಗಲೇ ಜನರನ್ನು ಒಪ್ಪಿಸಿರುತ್ತಾನೆ. ನಮ್ಮನ್ನು ಬೈಯಬಾರದು ಅನ್ನುವ ಷರತ್ತು ಹಾಕಿಯೇ, ಸೀಸರ್‌ನ ಗೆಳೆಯ ಆಂಟನಿಗೆ ಶವದ ಮುಂದೆ ಮಾತಾಡಲು ಬಿಟ್ಟಿರುತ್ತಾನೆ. ಅಂದರೆ ಆಂಟನಿ ನಿಂತಿರುವುದು ತನಗೆ ವಿರುದ್ಧವಾಗಿರುವ ಜನರ ಮುಂದೆ.

‘ಬ್ರೂಟಸ್ ಮರ್ಯಾದಸ್ಥ’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ದಯವಿಟ್ಟು ಅದನ್ನು ವ್ಯಂಗ್ಯವಾಗಿ ಎಳೆಯಬೇಡಿ. ಮೊದಲ ಸಲ ನಿಜವಾದ ಗೌರವದಿಂದಲೇ ಹೇಳಿ. ಆಮೇಲೆ ಒಂದೊಂದೇ ಸಂಗತಿ ಇಡಿ: ಸೆರೆಯಾಳುಗಳ ಬಿಡುಗಡೆ ಹಣ ಖಜಾನೆಗೆ ಬಂತು, ಬಡವರು ಅತ್ತಾಗ ಸೀಸರ್ ಅತ್ತ, ಕಿರೀಟ ಕೊಟ್ಟರೆ ಮೂರು ಸಲ ಬೇಡ ಅಂದ. ಪ್ರತಿ ಸಂಗತಿಯ ನಂತರ ಉಸಿರು ತಗೊಂಡು, ಅದೇ ದನಿಯಲ್ಲಿ ‘ಬ್ರೂಟಸ್ ಮರ್ಯಾದಸ್ಥ’ ಅನ್ನಿ. ದನಿ ಬದಲಾಗದಿದ್ದರೂ ಅರ್ಥ ತಿರುಗುತ್ತಾ ಹೋಗುತ್ತದೆ.

ನನ್ನ ಹೃದಯ ಸೀಸರ್ ಜತೆ ಆ ಶವಪೆಟ್ಟಿಗೆಯಲ್ಲಿದೆ, ಅದು ವಾಪಸ್ ಬರೋವರೆಗೆ ತಾಳಿ ಅನ್ನುವ ಕಡೆ ನಿಜವಾಗಿ ನಿಲ್ಲಿಸಿ. ನಾಟಕದಲ್ಲಿ ಜನ ತಮ್ಮತಮ್ಮಲ್ಲಿ ಮಾತಾಡಿಕೊಂಡು ಮನಸ್ಸು ಬದಲಿಸುವುದು ಆ ಬಿಡುವಿನಲ್ಲೇ. ನಿಮ್ಮ ಜತೆ ವೇದಿಕೆ ಮೇಲೆ ಯಾರೂ ಇರಲ್ಲ, ಹಾಗಾಗಿ ಗುಂಪಿನ ಪಿಸುಮಾತು ಕೇಳಿಸುತ್ತಿದೆ ಅನ್ನುವ ಹಾಗೆ ಮುಖ ಸ್ವಲ್ಪ ತಿರುಗಿಸಿ.

ಇನ್ನು ಕತ್ತಿಯೇಟಿಗೆ ಹರಿದ ಸೀಸರ್‌ನ ನಿಲುವಂಗಿಯನ್ನು ಆಂಟನಿ ಜನರಿಗೆ ತೋರಿಸುವ ಭಾಗ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಅಭ್ಯಾಸಕ್ಕೆ ಹಳೇ ಶಾಲು ಸಾಕು. ಬೇಸಿಗೆಯ ಒಂದು ಸಂಜೆ, ನರ್ವಿ ಅನ್ನುವ ಬುಡಕಟ್ಟಿನವರನ್ನು ಗೆದ್ದ ದಿನ, ಸೀಸರ್ ಡೇರೆಯಲ್ಲಿ ಇದನ್ನು ಮೊದಲ ಸಲ ಹಾಕಿಕೊಂಡಿದ್ದ ಅಂತ ಆಂಟನಿ ಮೆಲ್ಲಗೆ ನೆನೆಯುತ್ತಾನೆ. ಆಮೇಲೆ ಕೊಂದವರ ಹೆಸರು ಹೇಳುತ್ತಾ ಬೆರಳಿಟ್ಟು ತೋರಿಸುತ್ತಾನೆ: ಇಲ್ಲಿ ಕ್ಯಾಸಿಯಸ್‌ನ ಕತ್ತಿ, ಇದು ಕಾಸ್ಕಾ ಸೀಳಿದ್ದು, ಇಲ್ಲಿ ಬ್ರೂಟಸ್. ಆದರೆ ಕೊಲೆ ನಡೆದಾಗ ಆಂಟನಿ ಅಲ್ಲಿರಲೇ ಇಲ್ಲ! ಸಂಚುಗಾರರಲ್ಲೇ ಒಬ್ಬನಾದ ಟ್ರೆಬೋನಿಯಸ್ ಅವನನ್ನು ಮೊದಲೇ ಬೇರೆ ಕಡೆ ಕರೆದುಕೊಂಡು ಹೋಗಿದ್ದ. ಯಾವ ತೂತು ಯಾರದ್ದು ಅಂತ ಅವನಿಗೆ ಗೊತ್ತಿರೋ ಸಾಧ್ಯತೆಯೇ ಇಲ್ಲ, ಆದರೂ ಜನ ಅದನ್ನು ಪ್ರಶ್ನಿಸುವುದಿಲ್ಲ, ಯಾಕಂದರೆ ಅವರ ಕಣ್ಣು ಬಟ್ಟೆ ಮೇಲಿರುತ್ತದೆ. ಹಾಗಾಗಿ ಬೆರಳು ಅಲುಗಾಡಬಾರದು, ಹೆಸರು ಹೇಳುವಾಗ ತಡವರಿಸಬಾರದು.

ನಾನು ಬ್ರೂಟಸ್‌ನಂಥ ಮಾತುಗಾರ ಅಲ್ಲ ಅನ್ನುವ ಸಾಲನ್ನು ಸರಳವಾಗಿ ಹೇಳಿ ಮುಂದೆ ಹೋಗಿ.

ಸಮಯ ಕಡಿಮೆ ಇದ್ದರೆ ಉಯಿಲಿನ ಭಾಗ ಮಾತ್ರ ಕತ್ತರಿಸಬೇಡಿ. ಸೀಸರ್‌ನ ಉಯಿಲು ತೋರಿಸಿ ಓದಲ್ಲ ಅಂದಿದ್ದ ಆಂಟನಿ, ಜನ ರೊಚ್ಚಿಗೆದ್ದು ಓಡುವಾಗ ಅವರನ್ನು ವಾಪಸ್ ಕರೆದು ಓದುತ್ತಾನೆ: ರೋಮಿನ ಜನರಿಗೆ ತಲೆಗೆ 75 ಡ್ರಾಕ್ಮಾ ನಾಣ್ಯ, ಜತೆಗೆ ಟೈಬರ್ ನದಿ ದಂಡೆಯ ತೋಟಗಳು. ಮುಂದೆ ನಾಲ್ಕನೇ ಅಂಕದಲ್ಲಿ ಇದೇ ಮನುಷ್ಯ ಆ ಉಯಿಲಿನ ಹಣ ಹೇಗೆ ಕಡಿಮೆ ಮಾಡೋದು ಅಂತ ಲೆಕ್ಕ ಹಾಕುತ್ತಾನೆ. ಅದು ಗೊತ್ತಿದ್ದೂ, ವೇದಿಕೆ ಮೇಲೆ ಅವನ ಅಳುವನ್ನು ನಾಟಕ ಮಾಡಿಬಿಡಬೇಡಿ. ಸೀಸರ್ ಸತ್ತ ದುಃಖವೂ ಅವನಿಗೆ ನಿಜವಾಗಿಯೇ ಇದೆ.