ಹದಿನಾಲ್ಕು ಪಿಸಿ, ಒಂದೇ ಒಂದು ನಾನ್-ಫ್ರೀ ಸಾಲು

"ನಾನ್-ಫ್ರೀ ಇಲ್ಲದೆ ಲ್ಯಾಬ್ ನಡೆಸ್ತೀಯಾ? ಒಂದು ವಾರ ನೋಡು, ನೀನೇ ಆನ್ ಮಾಡ್ತೀಯ" ಅಂದಿದ್ದ ನನ್ನ ಗೆಳೆಯ. ಪಿಸಿ ರಿಪೇರಿ ಮಾಡುವವರೂ ಅದನ್ನೇ ಹೇಳಿದ್ದರು. ಇವತ್ತು ನಮ್ಮೂರ ಹೈಸ್ಕೂಲಿನ ಹದಿನಾಲ್ಕು ಹಳೆ ಯಂತ್ರಗಳಲ್ಲಿ ಓಡುವುದು ಡೆಬಿಯನ್ ಎಂಬ ಲಿನಕ್ಸ್. ಅದರ ನಾನ್-ಫ್ರೀ ವಿಭಾಗ, ಅಂದರೆ ಮುಕ್ತವಾಗಿ ಬಳಸಲು, ಬದಲಿಸಲು, ಹಂಚಲು ಬಿಡದ ತಂತ್ರಾಂಶದ ವಿಭಾಗ, ಬಂದ್ ಇದೆ. ಆ ಕಡೆಯಿಂದ ತೆರೆದಿರುವುದು ನಾನ್-ಫ್ರೀ-ಫರ್ಮ್‌ವೇರ್ ಒಂದೇ. ಫರ್ಮ್‌ವೇರ್ ಅಂದರೆ ವೈಫೈ ಚಿಪ್‌ನಂಥ ಯಂತ್ರಭಾಗಗಳ ಒಳಗೆ ಓಡುವ ತಂತ್ರಾಂಶ. ಅಲ್ಲಿಗೆ ಹೇಗೆ ಬಂದೆ ಅನ್ನುವುದನ್ನು ಬರೆಯುತ್ತಿದ್ದೇನೆ. ಇನ್‌ಸ್ಟಾಲ್ ಮಾಡುವುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಬಿಟ್ಟುಬಿಡುತ್ತೇನೆ.

ಯಂತ್ರಗಳು 2012ರ ಆಸುಪಾಸಿನವು. ಹತ್ತು ಡೆಸ್ಕ್‌ಟಾಪ್, ನಾಲ್ಕು ಲ್ಯಾಪ್‌ಟಾಪ್, ಎಲ್ಲ ಇಂಟೆಲ್. 2021ರ ಕೊನೆಯಲ್ಲಿ ಡೆಬಿಯನ್‌ನ ಆಗಿನ ಬಿಡುಗಡೆ ಬುಲ್ಸ್‌ಐ ಹಾಕಿದೆ. ಪೂರ್ತಿ ಮುಕ್ತ ತಂತ್ರಾಂಶದ ವಿಭಾಗವಾದ ಮೇನ್ ಬಿಟ್ಟು ಏನೂ ಬೇಡ ಅಂತ ನನ್ನ ಹಟ. ಫರ್ಮ್‌ವೇರ್ ಇಲ್ಲದೆ ಮೊದಲ ದಿನವೇ ವೈಫೈ ಕೈಕೊಟ್ಟಿತು. ರೌಟರ್ ಆಫೀಸ್ ರೂಮಿನಲ್ಲಿ, ಲ್ಯಾಬ್ ಅದರಾಚೆ. ಆರು ಡೆಸ್ಕ್‌ಟಾಪ್‌ಗೆ ಕೇಬಲ್ ಎಳೆದೆ. ಸ್ವಿಚ್, ಕೇಬಲ್, ಕನೆಕ್ಟರ್ ಎಲ್ಲ ಸೇರಿ 3,800 ರೂಪಾಯಿ ಆಗಿರಬೇಕು. ಕೇಬಲ್ ಎಳೆಯಲು ಆಗುವ ಕಡೆ ವೈಫೈ ಜೊತೆ ಗುದ್ದಾಡಲೇಬೇಡಿ.

ಉಳಿದ ನಾಲ್ಕು ಡೆಸ್ಕ್‌ಟಾಪ್‌ಗೆ ಎಆರ್9271 ಚಿಪ್‌ನ ಯುಎಸ್‌ಬಿ ವೈಫೈ ಡಾಂಗಲ್. ಈ ಚಿಪ್‌ಗೂ ಫರ್ಮ್‌ವೇರ್ ಬೇಕು, ಆದರೆ ಅದರ ಸೋರ್ಸ್ ಬಹಿರಂಗವಾಗಿದೆ, ಪ್ಯಾಕೇಜ್ ಮೇನ್‌ನಲ್ಲೇ ಸಿಗುತ್ತದೆ. ಆನ್‌ಲೈನ್‌ನಲ್ಲಿ ಐದು ತರಿಸಿದೆ, ಒಂದಕ್ಕೆ ಸುಮಾರು 550. ಡಬ್ಬದ ಮೇಲೆ ಎಆರ್9271 ಅಂತಲೇ ಅಚ್ಚಾಗಿತ್ತು. ಐದರಲ್ಲಿ ಮೂರರೊಳಗೆ ಬೇರೆಯೇ ಚಿಪ್! ವಾಪಸ್ ತೆಗೆದುಕೊಳ್ಳಲಿಲ್ಲ. 1,600 ರೂಪಾಯಿ ಹೋಯಿತು. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಹೋದೆ. ಅಂಗಡಿಯಲ್ಲೇ ಚುಚ್ಚಿ, ಐಡಿ ಕೊನೆಯಲ್ಲಿ 9271 ಬಂದರೆ ಮಾತ್ರ ದುಡ್ಡು. ಹಾಗೆ ಎರಡು ತಂದೆ.

ಲ್ಯಾಪ್‌ಟಾಪ್‌ಗಳದ್ದು ಇನ್ನೂ ದೊಡ್ಡ ಕಥೆ. ಒಳಗಿನ ವೈಫೈ ಕಾರ್ಡ್ ತೆಗೆದು ಹಳೆ ಅಥೆರಾಸ್ ಕಾರ್ಡ್ ಹಾಕಿದರೆ ಫರ್ಮ್‌ವೇರೇ ಬೇಡ, ಎಟಿಎಚ್9ಕೆ ಡ್ರೈವರ್ ಸಾಕು. ಸೆಕೆಂಡ್ ಹ್ಯಾಂಡ್ ಕಾರ್ಡ್ 300ರೊಳಗೆ ಸಿಕ್ಕಿತು. ಎರಡು ಲ್ಯಾಪ್‌ಟಾಪ್ ಹತ್ತು ನಿಮಿಷದಲ್ಲಿ ಮುಗಿದವು. ಮೂರನೆಯದು ಹೊಸ ಕಾರ್ಡ್ ನೋಡಿ ಬೂಟ್ ಆಗುವುದನ್ನೇ ನಿಲ್ಲಿಸಿತು. ತಾನು ಒಪ್ಪಿದ ಕಾರ್ಡ್ ಬಿಟ್ಟು ಬೇರೆ ಹಾಕಬಾರದು ಅಂತ ಬಯಾಸ್‌ನಲ್ಲೇ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಬೀಗ. ನಮ್ಮದೇ ಯಂತ್ರದಲ್ಲಿ ನಾವು ಯಾವ ಕಾರ್ಡ್ ಹಾಕಬೇಕು ಅಂತ ಇನ್ಯಾರೋ ಹೇಳೋದು ಅಂದ್ರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಎರಡು ಭಾನುವಾರ ಕೂತು ಆ ಬೀಗ ದಾಟಿದೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಒಂದು ಹೆಜ್ಜೆ ತಪ್ಪಿದರೆ ಬೋರ್ಡೇ ಸತ್ತುಹೋಗುತ್ತದೆ. ನಾಲ್ಕನೆಯದರ ವೈಫೈ ಚಿಪ್ ಬೋರ್ಡಿಗೇ ಬೆಸುಗೆ ಹಾಕಿದ್ದು. ಅಲ್ಲಿ ನನ್ನ ಹಟ ಮುರಿಯಿತು.

ಅದಕ್ಕೂ ಮೊದಲು ಟ್ರಿಸ್ಕೆಲ್ ಎಂಬ ಇನ್ನೊಂದು ಲಿನಕ್ಸ್ ಹಾಕಿ ನೋಡಿದ್ದೆ. ಅದರ ತಿರುಳು, ಅಂದರೆ ಕರ್ನಲ್, ಮುಚ್ಚಿದ ಫರ್ಮ್‌ವೇರ್ ಎಲ್ಲ ತೆಗೆದುಹಾಕಿದ ಲಿನಕ್ಸ್-ಲಿಬ್ರೆ. ಅವರ ತತ್ವದ ಬಗ್ಗೆ ನನಗೆ ತುಂಬಾ ಗೌರವ. ಆ ಕರ್ನಲ್ ಯಾವ ಫರ್ಮ್‌ವೇರ್ ಫೈಲ್ ಬೇಕಿತ್ತು ಅಂತ ಹೆಸರನ್ನೂ ಹೇಳುವುದಿಲ್ಲ, ಅದರ ಜಾಗದಲ್ಲಿ 'ಡೀಬ್ಲಾಬ್ಡ್' ಅಂತ ಬರೆದಿರುತ್ತದೆ. ಯಂತ್ರವನ್ನೇ ಆರಿಸಿ ಕೊಳ್ಳುವವರಿಗೆ ಅದು ಸರಿ. ನಮ್ಮ ಲ್ಯಾಬಿಗೆ ಬರುವುದು ಯಾರೋ ದಾನ ಕೊಟ್ಟ ಪಿಸಿ.

ಪ್ರೊಸೆಸರ್ ಒಳಗೇ ಓಡುವ ಕೋಡ್, ಅಂದರೆ ಮೈಕ್ರೋಕೋಡ್ ವಿಷಯದಲ್ಲೂ ನಾನು ತಪ್ಪು ಯೋಚನೆ ಮಾಡಿದ್ದೆ. ಮುಚ್ಚಿದ ಕೋಡ್ ಅಂತ ಅದರ ಅಪ್‌ಡೇಟ್ ಬೇಡ ಅಂದಿದ್ದೆ. ಆದರೆ ಪ್ರೊಸೆಸರ್ ಒಳಗೆ ಮುಚ್ಚಿದ ಮೈಕ್ರೋಕೋಡ್ ಮೊದಲೇ ಇದೆಯಲ್ವಾ? ಅಪ್‌ಡೇಟ್ ಬೇಡ ಅಂದರೆ ಸ್ವಾತಂತ್ರ್ಯವೇನೂ ಬರುವುದಿಲ್ಲ, 2018ರಲ್ಲಿ ಬಯಲಾದ ಸ್ಪೆಕ್ಟರ್‌ನಂಥ ಭದ್ರತೆಯ ತೂತುಗಳು ಹಾಗೇ ಉಳಿಯುತ್ತವೆ ಅಷ್ಟೇ.

ಹಾಗಾಗಿ 2022ರಲ್ಲಿ ನಾನ್-ಫ್ರೀ ತೆರೆದೆ. ಮೈಕ್ರೋಕೋಡ್ ಮತ್ತು ಆ ಒಂದು ವೈಫೈ ಫೈಲ್, ಅಷ್ಟಕ್ಕೇ. ಅಲ್ಲೇ ಎಡವಟ್ಟಾಗಿದ್ದು. ಆಗ ಡೆಬಿಯನ್‌ನಲ್ಲಿ ಫರ್ಮ್‌ವೇರೂ ಬೇರೆ ಮುಚ್ಚಿದ ತಂತ್ರಾಂಶವೂ ಒಂದೇ ಕಪಾಟಿನಲ್ಲಿದ್ದವು. ಬಾಗಿಲು ತೆರೆದರೆ ಎಲ್ಲದಕ್ಕೂ ತೆರೆದಂತೆ. ಮೂರು ತಿಂಗಳ ಮೇಲೆ, ಯಂತ್ರದಲ್ಲಿರುವ ನಾನ್-ಫ್ರೀ ಪ್ಯಾಕೇಜ್‌ಗಳ ಪಟ್ಟಿ ಕೊಡುವ ವಿಆರ್‌ಎಂಎಸ್ ಓಡಿಸಿದರೆ ಒಂದು ಪಿಸಿಯಲ್ಲಿ ಏಳೋ ಎಂಟೋ ನಾನ್-ಫ್ರೀ ಪ್ಯಾಕೇಜ್. ಯಾರೋ ಫೈಲು ಕುಗ್ಗಿಸುವ, ಬಿಚ್ಚುವ ರಾರ್, ಅನ್‌ರಾರ್ ಎಲ್ಲ ಹಾಕಿಕೊಂಡಿದ್ದರು. ಮೇನ್‌ನಲ್ಲಿರುವ ಅನಾರ್ ಅದೇ ಫೈಲುಗಳನ್ನು ಬಿಚ್ಚುತ್ತದೆ. ಗೊತ್ತಿಲ್ಲದವರು ಮೊದಲು ಕಣ್ಣಿಗೆ ಬಿದ್ದಿದ್ದನ್ನೇ ತೆಗೆದುಕೊಳ್ಳುತ್ತಾರೆ, ಅದು ಸಹಜ.

ಅದೇ ವರ್ಷ ಡೆಬಿಯನ್‌ನವರು ಮತ ಹಾಕಿ, ಇನ್‌ಸ್ಟಾಲರ್‌ನಲ್ಲೇ ಫರ್ಮ್‌ವೇರ್ ಕೊಡಬಹುದು ಅಂತ ತೀರ್ಮಾನಿಸಿದರು. ಅವರ ತತ್ವಗಳ ಕರಾರಾದ ಸೋಶಿಯಲ್ ಕಾಂಟ್ರ್ಯಾಕ್ಟ್‌ನ ಐದನೇ ಅಂಶಕ್ಕೆ ಒಂದು ವಾಕ್ಯ ಸೇರಿತು. 2023ರ ಜೂನ್‌ನಲ್ಲಿ ಮುಂದಿನ ಬಿಡುಗಡೆ ಬುಕ್‌ವರ್ಮ್ ಬಂದಾಗ ನಾನ್-ಫ್ರೀ-ಫರ್ಮ್‌ವೇರ್ ಬೇರೆ ವಿಭಾಗವೇ ಆಯಿತು. ತತ್ವ ಬಿಟ್ಟರು ಅಂತ ಕೆಲವರು ಬೇಜಾರು ಮಾಡಿಕೊಂಡರು. ನನ್ನ ಲ್ಯಾಬಿನಲ್ಲಿ ಆಗಿದ್ದು ಉಲ್ಟಾ. ನಾನ್-ಫ್ರೀ ಮತ್ತೆ ಮುಚ್ಚಲು ಸಾಧ್ಯವಾಗಿದ್ದೇ ಈ ಬದಲಾವಣೆಯಿಂದ. ಡಿಸ್ಟ್ರೋ (ಡೆಬಿಯನ್‌ನಂಥ ಲಿನಕ್ಸ್) ಫರ್ಮ್‌ವೇರ್ ಕೊಡಲಿ, ಆದರೆ ಬೇರೆ ಇಟ್ಟು, ಹೆಸರು ಬರೆದು ಕೊಡಲಿ. ಎಷ್ಟು ಒಳಗೆ ಬಿಟ್ಟಿದ್ದೇವೆ ಅಂತ ಎಣಿಸಲು ಬರಬೇಕು.

ಅಪ್‌ಗ್ರೇಡ್‌ನಲ್ಲಿ ಒಂದು ಪೆಟ್ಟು ತಿಂದೆ. ಪ್ಯಾಕೇಜ್ ಎಲ್ಲಿಂದ ಬರಬೇಕು ಅಂತ ಹೇಳುವ ಸೋರ್ಸಸ್ ಲಿಸ್ಟ್‌ನಲ್ಲಿ ಬರೀ ಬಿಡುಗಡೆಯ ಹೆಸರು ಬದಲಿಸಿ, ಹೊಸ ವಿಭಾಗ ಸೇರಿಸುವುದನ್ನು ಐದು ಪಿಸಿಯಲ್ಲಿ ಮರೆತೆ. ಅಪ್‌ಗ್ರೇಡ್ ನಿಲ್ಲುವುದಿಲ್ಲ, ಫರ್ಮ್‌ವೇರ್ ಸುಮ್ನೆ ಹಳೆಯದೇ ಉಳಿಯುತ್ತದೆ. ಪ್ಯಾಕೇಜ್ ಪಟ್ಟಿಯಲ್ಲಿ ಅದರ ಪಕ್ಕ 'ಲೋಕಲ್' (ತೆರೆದಿರುವ ಯಾವ ವಿಭಾಗದಲ್ಲೂ ಇಲ್ಲ) ಅಂತ ಕಂಡಾಗಲೇ ಗೊತ್ತಾಗಿದ್ದು. ನೀವೂ ಒಮ್ಮೆ ನೋಡಿಕೊಳ್ಳಿ.

ಪ್ರಿಂಟರ್‌ಗೆ ಬೇರೆ ದಾರಿ ಇರಲಿಲ್ಲ. ನಮ್ಮ ಹಳೆ ಲೇಸರ್ ಪ್ರಿಂಟರ್‌ಗೆ ಪ್ರತಿ ಸಲ ಆನ್ ಮಾಡಿದಾಗಲೂ ಪಿಸಿಯಿಂದ ಮುಚ್ಚಿದ ಫೈಲ್ ಕಳಿಸಬೇಕಿತ್ತು. ಅದನ್ನು 2,500ಕ್ಕೆ ಮಾರಿ, ಪುಟ ವಿವರಿಸುವ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಅರ್ಥವಾಗುವ ಸೆಕೆಂಡ್ ಹ್ಯಾಂಡ್ ಪ್ರಿಂಟರ್ 4,500ಕ್ಕೆ ತಂದೆ. ಡ್ರೈವರ್ ತಲೆನೋವು ಅಲ್ಲಿಗೆ ಮುಗಿಯಿತು.

ಮೇಷ್ಟ್ರುಗಳಿಗೆ ಇದ್ದ ಅನುಮಾನ ಕನ್ನಡದ ಬಗ್ಗೆ. ಅವರ ಬೆರಳಿಗೆ ನುಡಿ ಕೀಲಿಮಣೆ ಕೂತುಬಿಟ್ಟಿದೆ. ಹಲವು ಭಾಷೆಗಳ ಕೀಲಿಮಣೆ ಇರುವ ಎಂ17ಎನ್‌ನಲ್ಲಿ ಅದೇ ಕೆಜಿಪಿ ಲೇಔಟ್ ಇದೆ, ಟೈಪಿಂಗ್ ತಂತ್ರಾಂಶ ಐಬಸ್‌ಗೆ ಸೇರಿಸಿದೆ. ಗುಬ್ಬಿ, ನವಿಲು ಫಾಂಟ್ ಮೇನ್‌ನಲ್ಲೇ ಇವೆ. ಮಧ್ಯಾಹ್ನ ಊಟದ ಹೊತ್ತಿಗೆ ಕನ್ನಡ ಮೇಷ್ಟ್ರು ಒಂದು ಪುಟ ಹೊಡೆದಿದ್ದರು. ಹಳೆ ಪ್ರಶ್ನೆಪತ್ರಿಕೆಗಳು ಮಾತ್ರ ಯುನಿಕೋಡ್ ಅಲ್ಲದ ಹಳೆ ಆಸ್ಕಿ ಫಾಂಟಿನಲ್ಲಿದ್ದವು. ಅವನ್ನು ಯುನಿಕೋಡ್‌ಗೆ ತರಲು ಪೈಥಾನ್‌ನಲ್ಲಿ ಪರಿವರ್ತಕ ಬರೆದೆ. ಅರ್ಕಾವತ್ತು ಬಂದ ಕಡೆಯೆಲ್ಲ ಎಡವುತ್ತಿತ್ತು, ಆಸ್ಕಿಯಲ್ಲಿ ಅದು ಅಕ್ಷರದ ಆಮೇಲೆ, ಯುನಿಕೋಡ್‌ನಲ್ಲಿ ಮೊದಲು. ಒತ್ತಕ್ಷರದ ಮೇಲೆ ಅರ್ಕಾವತ್ತು ಬಂದರೆ ಎಷ್ಟು ಹಿಂದೆ ಸರಿಸಬೇಕು ಅನ್ನುವ ನಾಲ್ಕು ಸಾಲು ನನ್ನದೇ, ಅದನ್ನು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಮುನ್ನೂರು ಪುಟದ ಮೇಲೆ ಸರಿಯಾಗಿ ಬಂದಿದೆ.

ಹಳೆ ಪ್ರಿಂಟರ್ ಮಾರಿದ ದುಡ್ಡು ಕಳೆದರೆ ಒಟ್ಟು ಖರ್ಚು ಹನ್ನೊಂದು ಸಾವಿರದೊಳಗೆ, ಡಾಂಗಲ್ ನಷ್ಟವೂ ಸೇರಿ. ಮೊನ್ನೆ ಎಲ್ಲ ಪಿಸಿಯ ಪಟ್ಟಿ ತೆಗೆದೆ. ಹದಿಮೂರರಲ್ಲಿ ಮುಚ್ಚಿದ ಪ್ಯಾಕೇಜ್ ಒಂದೇ, ಮೈಕ್ರೋಕೋಡ್. ಆ ಬೆಸುಗೆ ಲ್ಯಾಪ್‌ಟಾಪ್‌ನಲ್ಲಿ ಎರಡು. ಪಟ್ಟಿಯನ್ನು ಗೆಳೆಯನಿಗೆ ಕಳಿಸಿದೆ. ಬೇಸಿಗೆ ರಜೆಯಲ್ಲಿ ತನ್ನ ಆಫೀಸಿನ ಆರು ಪಿಸಿಗೂ ಹೀಗೇ ಮಾಡಿಕೊಡು ಅಂತ ಫೋನ್ ಮಾಡಿದ. ಪ್ರಿಂಟರ್ ಯಾವುದು ಅಂತ ಮೊದಲು ಕೇಳಿದೆ.